ಪರನಾಡಿನ ಕಥೆಯಲ್ಲಿ ಸ್ಥಳದ ಸತ್ಯ

ವಿಕ್ಟರ್ ಹ್ಯೂಗೋ ೧೮೬೨ರಲ್ಲಿ ಪ್ರಕಟಿಸಿದ ‘ಲೆ ಮಿಸೆರಾಬ್ಲ್’ ಕಾದಂಬರಿಯ ಪಾತ್ರಗಳನ್ನು ಮುಂದುವರಿಸಿ ವಿದ್ಯಾರ್ಥಿಗಳು ಪ್ಯಾರಿಸಿನ ಹೊಸ ಕಥೆ ಬರೆಯುವುದಾದರೆ, ಉಪಾಧ್ಯಾಯರಾದ ನಾವು ಮೊದಲು ಕಾಲವನ್ನು ಗೊತ್ತುಮಾಡಿಕೊಡಬೇಕು. ಅದರಲ್ಲಿ ಬರುವ ದಂಗೆ ೧೮೩೨ರ ಜೂನ್ ತಿಂಗಳಿನದು. ೧೮೮೯ರ ಐಫೆಲ್ ಗೋಪುರ ಅಲ್ಲಿ ಸಲ್ಲದು. ಆಗ ನಗರದಲ್ಲಿ ಕಾಲರಾ ಹರಡಿತ್ತು. ಅದರಿಂದ ಮಡಿದ ಸೇನಾನಿ ಲಾಮಾರ್ಕನ ಶವಯಾತ್ರೆಯಲ್ಲಿಯೇ ದಂಗೆ ಹೊತ್ತಿಕೊಂಡಿತು. ಮನೆಮನೆಗೆ ನೀರು ಹೊತ್ತು ಮಾರುವವರಿದ್ದರು. ಅಂಥವನೊಬ್ಬನು ಕಥೆಯೊಳಗೆ ನಡೆದುಬಂದರೆ ಊರಿಗೆ ಜೀವ ಬರುತ್ತದೆ.

ಈ ಅಭ್ಯಾಸವನ್ನು ನಮ್ಮೂರಿನಿಂದಲೇ ಆರಂಭಿಸುವುದು ಲೇಸು. ಹಿಂದೂಪುರವೆಂದರೆ ಸಮೀಪದ ಲೇಪಾಕ್ಷಿಯ ನಂದಿಯಷ್ಟೇ ಅಲ್ಲ, ಬೆಲ್ಲದ ಮಂಡಿಯೂ ಹೌದು. ಕಲ್ಯಾಣದುರ್ಗವೆಂದರೆ ಮುಗಿಲು ನೋಡುವ ಕಡಲೆಕಾಯಿ ರೈತ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವವರನ್ನು ಕಾಣದೆ ಯಾರಾದರೂ ನಮ್ಮ ಸೀಮೆಯ ಕಥೆ ಬರೆದರೆ ನಮಗೆ ನೋವಾಗುವುದಿಲ್ಲವೆ? ಪ್ಯಾರಿಸಿನವರಿಗೂ ಹಾಗೆಯೇ.