ತೊಳೆದ ಎಂಜಿನ್, ದಾರಿ ತಪ್ಪಿದ ಕಿಡಿ

ಆಯುಧಪೂಜೆ ಹತ್ತಿರವಾದಂತೆ ಊರೂರಿನ ವಾಟರ್ ಸರ್ವಿಸ್ ಅಂಗಡಿಗಳ ಮುಂದೆ ಕಾರುಗಳ ಸಾಲು ಬೆಳೆಯುತ್ತದೆ. ಹೊರಮೈ ಮಿಂಚಿದರೆ ಸಾಲದು ಎನ್ನುವವರು ಬಾನೆಟ್ ಎತ್ತಿಸಿ ಎಂಜಿನ್ನಿಗೂ ಸೋಪುನೀರು ಹೊಡೆಸುತ್ತಾರೆ. ಹೀಗೆ ಮಿಂದ ಎಂಜಿನ್‌ಗಳಲ್ಲಿ ಹಲವು ಏನೂ ಆಗದಂತೆ ಓಡುತ್ತವೆ. ಕೆಲವು ಮಾತ್ರ ಸ್ಟಾರ್ಟ್ ಮಾಡಿದೊಡನೆ ನಡುಗುತ್ತವೆ, ಪಿಕಪ್ ಕಳೆದುಕೊಳ್ಳುತ್ತವೆ, ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಹೊತ್ತಿಸುತ್ತವೆ. ಗ್ಯಾರೇಜಿನ ಮಾತಿನಲ್ಲಿ ಇದು ‘ಮಿಸ್ಸಿಂಗ್’. ಮುಂದಿನ ಕತೆಯೂ ಪರಿಚಿತವೇ: ಇಗ್ನಿಷನ್ ಕಾಯಿಲ್ ಹೋಗಿದೆಯೆಂಬ ತೀರ್ಪು, ಹೊಸ ಕಾಯಿಲ್, ಸರಿಹೋದ ಎಂಜಿನ್, ಕೈಗೊಂದು ಬಿಲ್ಲು. ಹೊಸದು ಹಾಕಿದ ಮೇಲೆ ಸರಿಹೋಯಿತಲ್ಲ, ಹಳೆಯದು ಕೆಟ್ಟಿತ್ತು ಎನ್ನಲು ಇನ್ನೇನು ಸಾಕ್ಷಿ ಬೇಕು ಎಂದು ಮಾಲೀಕರೂ ಮೆಕ್ಯಾನಿಕ್ಕೂ ನೆಮ್ಮದಿಯಾಗುತ್ತಾರೆ. ಆದರೆ ಆ ಸಾಕ್ಷಿ ಗಟ್ಟಿಯಲ್ಲ. ಅದು ಎಲ್ಲಿ ಸಡಿಲ ಎಂದು ತಿಳಿಯಬೇಕಾದರೆ ನೀರು ಎಂಜಿನ್ನಿನೊಳಗೆ ಹಿಡಿಯುವ ದಾರಿಯನ್ನು ನೋಡಬೇಕು.

ಪೆಟ್ರೋಲ್ ಎಂಜಿನ್‌ನಲ್ಲಿ ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ ಹತ್ತಾರು ಸಾವಿರ ವೋಲ್ಟಿಗೆ ಏರಿಸುತ್ತದೆ. ಆ ವಿದ್ಯುತ್ತು ಸ್ಪಾರ್ಕ್ ಪ್ಲಗ್ಗಿನ ತುದಿಯ ಸುಮಾರು 1 ಮಿಲಿಮೀಟರ್ ಸಂದನ್ನು ಜಿಗಿದಾಗ ಕಿಡಿ. ನಾವು ಉಸಿರಾಡುವ ಗಾಳಿಯಲ್ಲಾದರೆ ಅಷ್ಟು ದೂರ ಜಿಗಿಯಲು 3,000 ವೋಲ್ಟಿನ ಆಸುಪಾಸು ಸಾಕು. ಸಿಲಿಂಡರಿನೊಳಗೆ ಗಾಳಿ ಮತ್ತು ಇಂಧನ ಒತ್ತಿಕೊಂಡಿರುವುದರಿಂದ ಅದರ ಹಲವು ಪಟ್ಟು ಬೇಕು. ಒತ್ತಡಕ್ಕೂ ಕಿಡಿ ಹಾರಲು ಬೇಕಾದ ವೋಲ್ಟೇಜಿಗೂ ಇರುವ ಈ ನಂಟನ್ನು ಜರ್ಮನಿಯ ಫ್ರೀಡ್ರಿಶ್ ಪಾಶೆನ್ 1889ರಲ್ಲೇ ಪ್ರಯೋಗದಿಂದ ತೋರಿಸಿದ್ದರು. ಈಗ ಪ್ಲಗ್ಗಿನ ಬಿಳಿ ಪಿಂಗಾಣಿ ಮೈಯನ್ನು ನೀರಿನ ಪೊರೆ ಆವರಿಸಿದೆ ಎಂದುಕೊಳ್ಳಿ. ಒಳಗೆ ಜಿಗಿಯುವುದು ಕಷ್ಟ, ಹೊರಗೆ ತೇವದ ಮೇಲೆ ಹರಿದು ಎಂಜಿನ್ನಿನ ಲೋಹ ಸೇರುವುದು ಸುಲಭ. ವಿದ್ಯುತ್ತು ಸುಲಭದ್ದನ್ನೇ ಹಿಡಿಯುತ್ತದೆ. ಕಾಯಿಲ್ ಚೆನ್ನಾಗಿದೆ, ಪ್ಲಗ್ ಚೆನ್ನಾಗಿದೆ, ವಿದ್ಯುತ್ತೂ ಹರಿದಿದೆ; ಹರಿಯಬಾರದ ಕಡೆ ಹರಿದಿದೆ, ಅಷ್ಟೆ. ಇಲ್ಲೇ ಒಂದು ಸುಳಿವೂ ಸಿಗುತ್ತದೆ. ಆಕ್ಸಿಲರೇಟರ್ ತುಳಿದಾಗ ಸಿಲಿಂಡರಿನ ಒತ್ತಡ ಏರಿ, ಒಳಗಿನ ಜಿಗಿತ ಇನ್ನೂ ಕಷ್ಟವಾಗುತ್ತದೆ. ಹಾಗಾಗಿ ನಿಂತಲ್ಲಿ ಹೇಗೋ ಸುಧಾರಿಸಿಕೊಳ್ಳುವ ಎಂಜಿನ್ ಏರು ಹತ್ತುವಾಗ ಜರ್ಕ್ ಹೊಡೆದರೆ, ಕಿಡಿ ಸೋರುತ್ತಿದೆ ಎಂದು ಅನುಮಾನಿಸಲು ಕಾರಣವಿದೆ.

ಶುದ್ಧ ನೀರು ವಿದ್ಯುತ್ತಿಗೆ ಒಳ್ಳೆಯ ವಾಹಕವಲ್ಲವಲ್ಲ ಎಂದು ವಿಜ್ಞಾನ ಓದಿದವರು ಕೇಳಬಹುದು. ನಿಜ, ಆದರೆ ವಾಟರ್ ಸರ್ವಿಸ್ ಅಂಗಡಿಯಲ್ಲಿ ಶುದ್ಧ ನೀರೆಲ್ಲಿ? ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕರಗಿದ ಲವಣಗಳು ಅದರ ವಾಹಕತೆಯನ್ನು ಶುದ್ಧ ನೀರಿನ ಸಾವಿರಾರು ಪಟ್ಟಿಗೆ ಏರಿಸಿರುತ್ತವೆ. ಸೋಪು ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸುವುದರಿಂದ, ಹನಿಯಾಗಿ ಜಾರಬೇಕಾದ ನೀರು ತೆಳುವಾಗಿ ಹರಡಿ ಕೂದಲೆಳೆಯಂಥ ಬಿರುಕಿಗೂ ನುಸುಳುತ್ತದೆ. ನೀರು ಒಣಗಿದರೂ ಲವಣ ಅಲ್ಲೇ ಕೂತು, ಮುಂದಿನ ತೇವಕ್ಕೆ ಹಾದಿ ಹಾಸಿಡುತ್ತದೆ.

ಇನ್ನೂ ಬಲವಾದ ಆಕ್ಷೇಪ ಮಳೆಯದು. ಆಗುಂಬೆಯ ಮಳೆಯಲ್ಲಿ ಓಡುವ ಕಾರಿಗೆ ಪೈಪಿನ ನೀರು ಯಾವ ಲೆಕ್ಕ? ಲೆಕ್ಕ ಇರುವುದು ನೀರಿನ ಪ್ರಮಾಣದಲ್ಲಲ್ಲ, ಅದು ಬರುವ ದಿಕ್ಕು ಮತ್ತು ರಭಸದಲ್ಲಿ. ಮಳೆಯನ್ನು ಬಾನೆಟ್ ತಡೆಯುತ್ತದೆ, ಚಕ್ರ ಚಿಮ್ಮಿಸಿದ ನೀರನ್ನು ಕೆಳಗಿನ ತಟ್ಟೆಗಳು ತಡೆಯುತ್ತವೆ. ಪ್ರೆಶರ್ ಪಂಪು ಈ ಕಾವಲುಗಳನ್ನು ದಾಟಿ ನೇರವಾಗಿ ಕನೆಕ್ಟರಿನ ರಬ್ಬರ್ ಸೀಲಿಗೆ ಹೊಡೆಯುತ್ತದೆ. ನೀರು ತಡೆಯುವ ಕ್ಷಮತೆಯನ್ನು ಸೂಚಿಸುವ ಐಪಿ ದರ್ಜೆಗಳಲ್ಲಿ ಐಪಿ 67 ಪಡೆದ ಭಾಗ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದ್ದರೂ ಒಳಗೆ ಒಣಗಿರಬೇಕು. ಆದರೆ ರಭಸದ ಧಾರೆಗೆ ಐಪಿ 69ಕೆ ಎಂಬ ಬೇರೆಯೇ ಪರೀಕ್ಷೆಯಿದೆ: ಹತ್ತಿರದಿಂದ, 80ರಿಂದ 100 ಬಾರ್ ಒತ್ತಡದ 80 ಡಿಗ್ರಿ ಬಿಸಿನೀರು. ಮುಳುಗಿ ಗೆದ್ದದ್ದು ಧಾರೆಗೂ ಗೆಲ್ಲುತ್ತದೆಂಬ ಭರವಸೆಯಿಲ್ಲ. ಎಂಜಿನ್ ಬಿಸಿಯಿದ್ದಾಗ ತೊಳೆದರೆ ಇನ್ನೊಂದು ಅಪಾಯ. ಮುಚ್ಚಿದ ಸೆನ್ಸರಿನೊಳಗಿನ ಗಾಳಿ 90 ಡಿಗ್ರಿಯಿಂದ 30ಕ್ಕೆ ಥಟ್ಟನೆ ತಣಿದರೆ ಅದರ ಒತ್ತಡ ಸುಮಾರು ಆರನೇ ಒಂದು ಪಾಲು ಕುಸಿಯುತ್ತದೆ. ಸೀಲು ಸ್ವಲ್ಪ ಸಡಿಲವಿದ್ದರೂ ಸಾಕು, ಆ ಭಾಗ ಹೊರಗಿನ ನೀರನ್ನು ತಾನೇ ಒಳಗೆಳೆದುಕೊಳ್ಳುತ್ತದೆ.

ಒಳಹೊಕ್ಕ ನೀರು ಎಂಜಿನ್ನಿನ ಬಿಸಿಗೆ ತಾನೇ ಆರಿಹೋಗಬೇಕಲ್ಲವೇ? ಬಯಲಿಗೆ ತೆರೆದ ಮೈಯಲ್ಲಿ ಆರುತ್ತದೆ. ಪ್ಲಗ್ ಕೂರುವುದು ಕಿರಿದಾದ ಆಳ ಬಾವಿಯಲ್ಲಿ, ಅದರ ಬಾಯಿಗೆ ಕಾಯಿಲ್ಲಿನದೇ ರಬ್ಬರ್ ಮುಚ್ಚಳ. ಕೆಳಗೆ ಆವಿಯಾದ ನೀರು ಹೊರಹೋಗಲಾರದೆ ತಂಪಾದ ಕಡೆ ಮತ್ತೆ ಹನಿಗಟ್ಟುತ್ತದೆ. ಹೊಸ ಕಾಯಿಲ್ಲಿನ ಸಾಕ್ಷಿ ಸಡಿಲವಾಗುವುದು ಇಲ್ಲಿಯೇ. ಕಾಯಿಲ್ ಬದಲಿಸಲು ಹಳೆಯದನ್ನು ಎಳೆದು ತೆಗೆಯಲೇಬೇಕು. ತೆಗೆದೊಡನೆ ಬಾವಿಯ ಬಾಯಿ ತೆರೆಯಿತು, ತೇವ ಹೊರಬಿತ್ತು, ಮೆಕ್ಯಾನಿಕ್ ಗಾಳಿ ಊದಿ ಒರೆಸಿಯೂ ಇರಬಹುದು. ಎಂಜಿನ್ ಸರಿಹೋದದ್ದು ಹೊಸ ಭಾಗದಿಂದಲೋ ಬಾವಿ ಒಣಗಿದ್ದರಿಂದಲೋ? ಎರಡನ್ನೂ ಒಟ್ಟಿಗೆ ಬದಲಿಸಿದ ಪ್ರಯೋಗ ಇದಕ್ಕೆ ಉತ್ತರ ಕೊಡಲಾರದು.

ಉತ್ತರ ಬೇಕಿದ್ದರೆ ಒಂದೊಂದನ್ನೇ ಬದಲಿಸಬೇಕು. ಮೊದಲು ಸ್ಕ್ಯಾನರ್ ಹಚ್ಚಿ ಕೋಡ್ ಓದುವುದು. ಕ್ರ್ಯಾಂಕ್‌ಶಾಫ್ಟ್ ತಿರುಗುವ ವೇಗದಲ್ಲಿ ಯಾವ ಸರದಿಗೆ ಎಡವುತ್ತದೆ ಎಂದು ಎಣಿಸಿ ಕಂಪ್ಯೂಟರ್ ತಪ್ಪಿದ ಸಿಲಿಂಡರನ್ನು ಗುರುತಿಸಿರುತ್ತದೆ: ಪಿ0302 ಎಂದರೆ ಎರಡನೆಯದು, ಪಿ0300 ಎಂದರೆ ಇಂಥದ್ದೇ ಎಂದು ಹೇಳಲಾಗದ ಮಿಸ್ಸಿಂಗ್. ಆಮೇಲೆ ಎಂಜಿನ್ ಆರಿಸಿ, ಕಾಯಿಲ್ ತೆಗೆದು, ಬಾವಿಗೆ ಗಾಳಿ ಊದಿ ಒಣಗಿಸಿ, ಹಳೆಯ ಕಾಯಿಲ್ಲನ್ನೇ ಮರಳಿ ಕೂರಿಸುವುದು. ಒಣಗಿಸುವ ಮೊದಲೇ ಪ್ಲಗ್ ಬಿಚ್ಚಿದರೆ ನೀರು ನೇರ ಸಿಲಿಂಡರಿಗೆ ಇಳಿಯುತ್ತದೆ, ಎಚ್ಚರ. ಇಷ್ಟಾದರೂ ಪಿ0302ರ ಮಿಸ್ಸಿಂಗ್ ಉಳಿದರೆ ಎರಡನೆಯ ಮತ್ತು ಮೂರನೆಯ ಸಿಲಿಂಡರಿನ ಕಾಯಿಲ್‌ಗಳನ್ನು ಅದಲುಬದಲು ಮಾಡಿ. ಕೋಡ್ ಪಿ0303 ಆದರೆ ತಪ್ಪು ಕಾಯಿಲ್ಲಿನ ಜೊತೆ ಪಯಣಿಸಿದೆ, ಬದಲಿಸಲು ಅಡ್ಡಿಯಿಲ್ಲ. ಪಿ0302 ಅಲ್ಲೇ ಉಳಿದರೆ ಪ್ಲಗ್, ಕನೆಕ್ಟರ್ ಅಥವಾ ಇಂಜೆಕ್ಟರ್ ಕಡೆ ಹುಡುಕಬೇಕು. ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲವಾದ್ದರಿಂದ ಅಲ್ಲಿ ಅನುಮಾನ ಸೆನ್ಸರ್, ಕನೆಕ್ಟರ್, ಆಲ್ಟರ್ನೇಟರ್‌ಗಳ ಮೇಲೆ.

ಒಣಗಿಸಿದ ಮೇಲೆ ಸರಿಹೋದರೆ ಮರೆತುಬಿಡಬಹುದೇ? ಅದೂ ಅವಸರದ ತೀರ್ಮಾನ. ಸೀಲು ಗಟ್ಟಿಯಿದ್ದ ಬಾವಿಗೆ ನೀರು ಸುಲಭಕ್ಕೆ ಇಳಿಯುವುದಿಲ್ಲ. ಇಳಿದಿದೆ ಎಂದರೆ ಕಾಯಿಲ್ಲಿನ ರಬ್ಬರ್ ಬೂಟನ್ನು ಬಾಗಿಸಿ ಬಿರುಕು ಹುಡುಕಬೇಕು. ಸೋರಿದ ವಿದ್ಯುತ್ತು ಪಿಂಗಾಣಿಯ ಮೇಲೆ ಇಂಗಾಲದ ಕಪ್ಪು ಗೆರೆ ಕೊರೆದಿದ್ದರೆ ಒಣಗಿದ ದಿನವೂ ಅದೇ ಹಾದಿಯಲ್ಲಿ ಸೋರುತ್ತದೆ. ಆ ಪ್ಲಗ್ ಬದಲಾಗಲೇಬೇಕು. ಹಾಗೆಂದು ಪರೀಕ್ಷೆಯ ಹೆಸರಿನಲ್ಲಿ ನಡುಗುವ ಗಾಡಿಯನ್ನು ಓಡಿಸುತ್ತಲೇ ಇರುವುದೂ ಸಲ್ಲದು. ಎಂಜಿನ್ ದೀಪ ಮಿಣುಕಲು ತೊಡಗಿದರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನೇ ಕರಗಿಸಬಲ್ಲದು. ಅದರ ಬೆಲೆಯ ಮುಂದೆ ಕಾಯಿಲ್ ಅಗ್ಗ. ಆದ್ದರಿಂದ ಗಾಡಿ ನಿಲ್ಲಿಸಿ, ಗ್ಯಾರೇಜಿಗೆ ಹೇಳಿಕಳಿಸಿ. ಹೊಸ ಭಾಗದ ಮಾತು ಬಂದಾಗ ಒಂದೇ ಪ್ರಶ್ನೆ ಕೇಳಿದರೆ ಸಾಕು: ಹಳೆಯದನ್ನು ಒರೆಸಿ ಮತ್ತೆ ಹಾಕಿ ನೋಡಿದಿರಾ?