ಉಗುರು ಇಳಿದ ಪ್ಲಾಸ್ಟಿಕ್

1950ರ ದಶಕದಲ್ಲಿ ಮ್ಯಾಂಚೆಸ್ಟರಿನ ಮೂಳೆವೈದ್ಯ ಜಾನ್ ಚಾರ್ನ್ಲಿ ಅವರ ಬಳಿಗೆ ರೋಗಿಯೊಬ್ಬ ಬಂದ. ಅವನ ಸೊಂಟ ಸದ್ದು ಮಾಡುತ್ತಿತ್ತು. ಊಟಕ್ಕೆ ಕೂತಾಗ ಮುಂದಕ್ಕೆ ಬಾಗಿದರೆ ಸಾಕು, ಕಿರ್ರೆನ್ನುವ ಆ ಸದ್ದು ತಾಳಲಾರದೆ ಹೆಂಡತಿ ಎದ್ದು ಹೋಗುತ್ತಿದ್ದಳಂತೆ. ಪ್ಯಾರಿಸ್ಸಿನ ಜೂಡೆ ಸಹೋದರರು 1946ರಲ್ಲಿ ಬಳಕೆಗೆ ತಂದ ಅಕ್ರಿಲಿಕ್ ಗುಂಡನ್ನು ಅವನ ತೊಡೆಮೂಳೆಯ ತುದಿಗೆ ಕೂರಿಸಲಾಗಿತ್ತು. ನೋವು ಕಡಿಮೆಯಾದರೆ ಸದ್ದಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಚಾರ್ನ್ಲಿ ಕೆಡಿಸಿಕೊಂಡರು. ಸದ್ದು ಬರುತ್ತಿದೆ ಎಂದರೆ ಎರಡು ಮೈಗಳು ಬಿಗಿಯಾಗಿ ಉಜ್ಜಿಕೊಳ್ಳುತ್ತಿವೆ, ಹಾಗೆ ಉಜ್ಜಿದಷ್ಟೂ ಗುಂಡಿನ ಕಾಂಡ ಮೂಳೆಯೊಳಗೆ ಅಲುಗಾಡಿ ಸಡಿಲವಾಗುತ್ತದೆ ಎಂಬುದು ಅವರಿಗೆ ಹೊಳೆಯಿತು.

ಕೆಟ್ಟ ಕೀಲನ್ನು ತೆಗೆದು ಬೇರೊಂದನ್ನು ಇಡುವ ಆಸೆ ಆಗಲೇ ಹಳೆಯದು. 1890ರ ಸುಮಾರಿಗೆ ಬರ್ಲಿನ್ನಿನ ಥೆಮಿಸ್ಟೊಕ್ಲೆಸ್ ಗ್ಲುಕ್ ಆನೆದಂತದ ಕೀಲುಗಳನ್ನು ಜೋಡಿಸಿದ್ದರು. ಕ್ಷಯ ಹಿಡಿದ ಕೀಲುಗಳಲ್ಲಿ ಅವು ಕೀವಾಗಿ ಸೋತವು. ಬಾಸ್ಟನ್ನಿನ ಸ್ಮಿತ್-ಪೀಟರ್ಸನ್ 1923ರಲ್ಲಿ ಗಾಜಿನ ಟೊಪ್ಪಿ ತೊಡಿಸಿ ನೋಡಿದರು, ಅದು ಒಡೆಯಿತು. ಲಂಡನ್ನಿನ ಫಿಲಿಪ್ ವೈಲ್ಸ್ 1938ರಲ್ಲಿ ಗುಂಡು, ಬಟ್ಟಲು ಎರಡನ್ನೂ ಉಕ್ಕಿನಲ್ಲೇ ಮಾಡಿದರು. ಇವರೆಲ್ಲರ ಗಮನ ಇದ್ದದ್ದು ಆಕಾರ ಮತ್ತು ಗಟ್ಟಿತನದ ಮೇಲೆ. ಜಾರುವಿಕೆಯನ್ನೇ ಮೊದಲ ಪ್ರಶ್ನೆಯಾಗಿ ಹಿಡಿದು ಕೂತವರು ಚಾರ್ನ್ಲಿ.

ಸಹಜ ಕೀಲು ಹೇಗೆ ಜಾರುತ್ತದೆ? ತಿರುಗುವ ಯಂತ್ರದ ಬೇರಿಂಗಿನಲ್ಲಿ ಎಣ್ಣೆಯ ಪೊರೆ ಎರಡು ಮೈಗಳನ್ನೂ ದೂರ ಇಡುವಂತೆ ಕೀಲಿನ ದ್ರವವೂ ಕೆಲಸ ಮಾಡುತ್ತದೆ ಎಂದು ಅನೇಕರು ನಂಬಿದ್ದ ಕಾಲ ಅದು. ಕೀಲು ಒಂದೇ ದಿಕ್ಕಿನಲ್ಲಿ ಸುತ್ತುವುದಿಲ್ಲ, ಭಾರ ಹೊತ್ತು ನಿಧಾನವಾಗಿ ಹಿಂದೆ ಮುಂದೆ ಆಡುತ್ತದೆ, ಅಲ್ಲಿ ಪೊರೆ ನಿಲ್ಲಲಾರದು ಎಂದು ಚಾರ್ನ್ಲಿ ವಾದಿಸಿದರು. ಕತ್ತರಿಸಿ ತೆಗೆದ ಕಾಲಿನ ಕೀಲುಗಳ ಘರ್ಷಣೆಯನ್ನು ಅಳೆದು ನೋಡಿದಾಗ, ಅದು ಮಂಜುಗಡ್ಡೆಯ ಮೇಲೆ ಸ್ಕೇಟು ಜಾರುವಾಗಿನ ಘರ್ಷಣೆಗಿಂತಲೂ ಕಡಿಮೆ ಎಂದು ಕಂಡಿತು. ಮೃದ್ವಸ್ಥಿಯೇ ನುಣುಪು, ಅದು ಸವೆದುಹೋದ ಮೇಲೆ ಕೀಲಿನ ದ್ರವದಿಂದ ಹೆಚ್ಚು ನೆರವಿಲ್ಲ. ಹಾಗಾದರೆ ತಾನಾಗಿಯೇ ಜಾರುವ ವಸ್ತು ಬೇಕು. ಆಗ ಸಿಗುತ್ತಿದ್ದುದರಲ್ಲಿ ಅತಿ ನುಣುಪಾದದ್ದು ಟೆಫ್ಲಾನ್.

ಸುಮಾರು 1958ರಿಂದ ಚಾರ್ನ್ಲಿ ಟೆಫ್ಲಾನ್ ಬಳಸತೊಡಗಿದರು. ಅವರ ಕಾರ್ಯಕ್ಷೇತ್ರ ಲ್ಯಾಂಕಾಷೈರಿನ ವಿಗನ್ ಊರಿಗೆ ಹತ್ತಿರದ ರೈಟಿಂಗ್‌ಟನ್ ಆಸ್ಪತ್ರೆ. ಹೊಸ ಔಷಧಿಗಳು ಬಂದು ಕ್ಷಯರೋಗ ಇಳಿಮುಖವಾದ್ದರಿಂದ ಆ ಹಳೆಯ ಕ್ಷಯದ ಆಸ್ಪತ್ರೆಯಲ್ಲಿ ಹಾಸಿಗೆಗಳು ಖಾಲಿಯಾಗುತ್ತಿದ್ದವು. ಅಲ್ಲಿ ಮೂರು ಸಂಗತಿಗಳು ಒಂದೆಡೆ ಸೇರಿದವು. ಬಟ್ಟಲಿಗೆ ಟೆಫ್ಲಾನ್. ಕಾಂಡವನ್ನು ಮೂಳೆಯೊಳಗೆ ಹಿಡಿದಿಡಲು ಹಲ್ಲಿನ ವೈದ್ಯರು ಬಳಸುವ ಅಕ್ರಿಲಿಕ್ ಸಿಮೆಂಟು. ಮ್ಯಾಂಚೆಸ್ಟರಿನ ದಂತವಿಜ್ಞಾನಿ ಡೆನ್ನಿಸ್ ಸ್ಮಿತ್ ಕೊಟ್ಟ ಸಲಹೆ ಇದು. ಮೂರನೆಯದು ಗುಂಡಿನ ಅಳತೆ. ಸಹಜ ಗುಂಡು ನಾಲ್ಕೈದು ಸೆಂಟಿಮೀಟರ್ ಅಗಲವಿದ್ದರೆ, ಚಾರ್ನ್ಲಿ ಅದನ್ನು ಕೊನೆಗೆ 22.225 ಮಿಲಿಮೀಟರಿಗೆ, ಅಂದರೆ ಮುಕ್ಕಾಲು ಅಂಗುಲಕ್ಕಿಂತ ತುಸು ಹೆಚ್ಚಿಗೆ ಇಳಿಸಿದರು. ಗುಂಡು ಸಣ್ಣದಾದಷ್ಟೂ ಉಜ್ಜುವ ಬಲ ಬಟ್ಟಲನ್ನು ತಿರುಚಿ ಸಡಿಲಿಸುವುದು ಕಡಿಮೆ. ಬಟ್ಟಲಿನ ಗೋಡೆಯನ್ನೂ ದಪ್ಪವಾಗಿ ಇಡಬಹುದು. ನಿಸರ್ಗದ ಆಕಾರವನ್ನು ಬಿಟ್ಟುಕೊಟ್ಟು ಅದರ ಕೆಲಸವನ್ನು ಮಾತ್ರ ಉಳಿಸಿಕೊಂಡ ಈ ನಿರ್ಧಾರವೇ ನನಗೆ ಇಡೀ ಕತೆಯಲ್ಲಿ ಅತ್ಯಂತ ಧೈರ್ಯದ್ದಾಗಿ ಕಾಣುತ್ತದೆ.

ರೋಗಿಗಳು ಎದ್ದು ನಡೆದರು. ವರ್ಷಗಟ್ಟಲೆ ನಿದ್ದೆ ಕಾಣದವರು ಮಲಗಿ ನಿದ್ರಿಸಿದರು. ಸುಮಾರು 300 ಜನರಿಗೆ ಈ ಶಸ್ತ್ರಚಿಕಿತ್ಸೆ ಆಯಿತು.

ಎರಡು ಮೂರು ವರ್ಷಗಳಲ್ಲಿ ಅವರು ಕುಂಟುತ್ತ ವಾಪಸ್ಸು ಬರತೊಡಗಿದರು. ಲೋಹದ ಗುಂಡು ಟೆಫ್ಲಾನನ್ನು ಕೊರೆದುಕೊಂಡು ಒಳಗೆ ಇಳಿದಿತ್ತು. ಸವೆದ ಪುಡಿಯ ಸುತ್ತ ದೇಹ ಗಿಣ್ಣದಂಥ ಬಿಳಿ ಮುದ್ದೆಗಳನ್ನು ಕಟ್ಟಿತ್ತು, ಅದು ಮೂಳೆಯನ್ನೂ ತಿನ್ನುತ್ತಿತ್ತು. ನುಣುಪಿಗೂ ಬಾಳಿಕೆಗೂ ನೇರ ಸಂಬಂಧವಿಲ್ಲ ಎಂಬ ಪಾಠಕ್ಕೆ ಮುನ್ನೂರು ಜನ ಬೆಲೆ ತೆತ್ತಿದ್ದರು. ಆ ಬಟ್ಟಲುಗಳನ್ನು ತೆಗೆಯುವ ಕೆಲಸವನ್ನು ಚಾರ್ನ್ಲಿ ಬೇರೆಯವರಿಗೆ ವಹಿಸಲಿಲ್ಲ. ಒಬ್ಬೊಬ್ಬರನ್ನೇ ಕರೆಸಿ ತಾವೇ ಕೈಯಾರೆ ಬಿಚ್ಚಿದರು.

1962ರ ಮೇ ತಿಂಗಳಲ್ಲಿ ಆಸ್ಪತ್ರೆಯ ಕಾರ್ಯಾಗಾರಕ್ಕೆ ಪ್ಲಾಸ್ಟಿಕ್ ಮಾರುವವರೊಬ್ಬರು ಬಂದರು. ಲ್ಯಾಂಕಾಷೈರಿನ ಮಗ್ಗಗಳ ಹಲ್ಲುಚಕ್ರಗಳಿಗೆ ಬಳಸುತ್ತಿದ್ದ, ಜರ್ಮನಿಯಲ್ಲಿ ತಯಾರಾದ ಗಟ್ಟಿ ಪಾಲಿಎಥಿಲೀನಿನ ಒಂದು ತುಂಡು ಅವರ ಬಳಿ ಇತ್ತು. ಕಾರ್ಯಾಗಾರದ ಯುವ ತಂತ್ರಜ್ಞ ಹ್ಯಾರಿ ಕ್ರೇವನ್ ಅದನ್ನು ಚಾರ್ನ್ಲಿಗೆ ತೋರಿಸಿದರು. ಚಾರ್ನ್ಲಿ ಹೆಬ್ಬೆರಳ ಉಗುರನ್ನು ಒತ್ತಿದರು, ಉಗುರು ಇಳಿಯಿತು. ಇದರಲ್ಲಿ ಹೊತ್ತು ಕಳೆಯಬೇಡ ಎಂದು ಹೇಳಿ ಹೊರಟುಹೋದರು.

ಕ್ರೇವನ್ ಬಿಡಲಿಲ್ಲ. ಸವೆತ ಅಳೆಯಲು ಅವರು ತಾವೇ ಕಟ್ಟಿದ ಯಂತ್ರವೊಂದಿತ್ತು. ಚಾರ್ನ್ಲಿ ಕೋಪನ್‌ಹೇಗನ್ನಿಗೆ ಹೋಗಿದ್ದ ದಿನಗಳಲ್ಲಿ ಆ ತುಂಡನ್ನು ಅದಕ್ಕೆ ಸಿಕ್ಕಿಸಿ ಹಗಲು ರಾತ್ರಿ ಓಡಿಸಿದರು. ಮೂರು ವಾರ ಉಜ್ಜಿದರೂ ಅದು ಟೆಫ್ಲಾನ್ ಒಂದೇ ದಿನದಲ್ಲಿ ಸವೆದಷ್ಟೂ ಸವೆದಿರಲಿಲ್ಲ. ಊರಿಗೆ ಮರಳಿದ ಚಾರ್ನ್ಲಿ ಯಂತ್ರದ ಮುಂದೆ ನಿಂತು ಅಳತೆಗಳನ್ನು ನೋಡಿದರು, ಉಗುರಿನ ತೀರ್ಪನ್ನು ಕೈಬಿಟ್ಟರು. ನವೆಂಬರ್‌ನಲ್ಲಿ ಹೊಸ ಬಟ್ಟಲು ಮೊದಲ ರೋಗಿಯ ಸೊಂಟ ಸೇರಿತು. ಹೆಸರು ಚಾರ್ನ್ಲಿಯದೇ ಉಳಿಯಿತು, ಆದರೆ ಆ ಮೂರು ವಾರ ಕ್ರೇವನ್ ಅವರದ್ದು ಎಂಬುದನ್ನು ಹೇಳದೆ ಈ ಕತೆ ಹೇಳಬಾರದು.

ಮುಂದಿನದು ಇನ್ನೂ ದೊಡ್ಡದು ಎನ್ನುತ್ತೇನೆ. ಚಾರ್ನ್ಲಿ ಎರಡೂ ಪ್ಲಾಸ್ಟಿಕ್ಕಿನ ಚೂರುಗಳನ್ನು ತಮ್ಮದೇ ತೊಡೆಯೊಳಗೆ ಇಡಿಸಿಕೊಂಡರು. ತಿಂಗಳುಗಳ ನಂತರ ಟೆಫ್ಲಾನ್ ಇದ್ದಲ್ಲಿ ಗಂಟು ಬೆರಳಿಗೆ ಸಿಗುತ್ತಿತ್ತು. 1963ರಲ್ಲಿ ಅದನ್ನು ‘ಲ್ಯಾನ್ಸೆಟ್’ ಪತ್ರಿಕೆಗೆ ಬರೆದರು. ಸೋಂಕಿನ ಕಷ್ಟವೂ ಅವರಿಗೆ ಸ್ವಂತದ್ದು. ಯುವಕರಾಗಿದ್ದಾಗ ಮೂಳೆ ಕಸಿಯ ಪರೀಕ್ಷೆಗೆ ತಮ್ಮ ಕಣಕಾಲಿನ ಮೂಳೆಯನ್ನೇ ಒಡ್ಡಿ, ಅದು ಕೀವಾಗಿ ನರಳಿದ್ದರು. ರೈಟಿಂಗ್‌ಟನ್ನಿನಲ್ಲಿ ಮೊದಮೊದಲು ನೂರಕ್ಕೆ ಏಳರ ಆಸುಪಾಸಿನಲ್ಲಿ ಕೀಲುಗಳು ಕೀವಾಗುತ್ತಿದ್ದವು. ಸೋಸಿದ ಗಾಳಿ ಮೇಲಿನಿಂದ ಇಳಿಯುವ ಕೊಠಡಿಯನ್ನು ಆಪರೇಷನ್ ಥಿಯೇಟರಿನೊಳಗೆ ಕಟ್ಟಿಸಿದರು, ಉಸಿರು ಹೊರಬೀಳದ ನಿಲುವಂಗಿ ತೊಟ್ಟರು. ಪ್ರಮಾಣ ನೂರಕ್ಕೆ ಒಂದಕ್ಕಿಂತ ಕೆಳಗಿಳಿಯಿತು. 1982ರಲ್ಲಿ, ಚಾರ್ನ್ಲಿ ತೀರಿಕೊಂಡ ವರ್ಷವೇ, ಎಂಟು ಸಾವಿರಕ್ಕೂ ಹೆಚ್ಚು ಸೊಂಟ ಮತ್ತು ಮಂಡಿ ಶಸ್ತ್ರಚಿಕಿತ್ಸೆಗಳನ್ನು ಒಳಗೊಂಡ ಬ್ರಿಟನ್ನಿನ ಅಧ್ಯಯನ ಶುದ್ಧ ಗಾಳಿ ಸೋಂಕನ್ನು ಅರ್ಧಕ್ಕಿಳಿಸುತ್ತದೆ ಎಂದು ತೋರಿಸಿತು.

ಅಷ್ಟೆಲ್ಲ ಆದ ಮೇಲೂ ಈ ಕೀಲನ್ನು ಅವರು ಬೇಗನೆ ಹೊರಗೆ ಬಿಡಲಿಲ್ಲ. ವರ್ಷಗಳ ಕಾಲ ತಮ್ಮ ರೋಗಿಗಳನ್ನೇ ನೋಡಿದರು, ಎಕ್ಸ್‌ರೇಗಳಲ್ಲಿ ಸವೆತ ಅಳೆದರು. ಬೇಕೆಂದು ಬಂದ ವೈದ್ಯರು ಮೊದಲು ರೈಟಿಂಗ್‌ಟನ್ನಿನಲ್ಲಿ ನಿಂತು ಕಲಿಯಬೇಕಿತ್ತು. ಸತ್ತ ಮೇಲೆ ಕೀಲನ್ನು ಪರೀಕ್ಷೆಗೆ ಮರಳಿಸಲು ರೋಗಿಗಳ ಒಪ್ಪಿಗೆ ಕೇಳಿದರು. ಎಷ್ಟೋ ಮಂದಿ ಒಪ್ಪಿದರು. ಅಲ್ಲೇ ಕೆಲಸ ಮಾಡಿದ ಕೆನಡಾದ ಫ್ರಾಂಕ್ ಗನ್‌ಸ್ಟನ್ ಇದೇ ಲೋಹ, ಪಾಲಿಎಥಿಲೀನ್, ಸಿಮೆಂಟುಗಳನ್ನು 1968ರಲ್ಲಿ ಮಂಡಿಗೆ ಒಯ್ದರು. ಮಂಡಿ ಒಂದೇ ಅಚ್ಚಿನ ಮೇಲೆ ಮಡಿಚುವುದಿಲ್ಲವಾದ್ದರಿಂದ ಅದು ಹದಕ್ಕೆ ಬರಲು 1970ರ ದಶಕವೇ ಬೇಕಾಯಿತು.

ಸ್ವೀಡನ್ ದೇಶ ಮಂಡಿಗೆ 1975ರಲ್ಲಿ, ಸೊಂಟಕ್ಕೆ 1979ರಲ್ಲಿ ರಾಷ್ಟ್ರೀಯ ದಾಖಲೆ ಪುಸ್ತಕ ತೆರೆಯಿತು: ಯಾರಿಗೆ ಯಾವ ಕೀಲು, ಎಷ್ಟು ವರ್ಷಕ್ಕೆ ಮತ್ತೆ ಬಿಚ್ಚಬೇಕಾಯಿತು. ಇಂಥ ದಾಖಲೆಗಳನ್ನು ಒಟ್ಟು ಮಾಡಿ 2019ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಲೆಕ್ಕದ ಪ್ರಕಾರ 25 ವರ್ಷ ಬಾಳುವುದು ನೂರಕ್ಕೆ ಸುಮಾರು 58 ಸೊಂಟದ ಕೀಲುಗಳು, ಪೂರ್ಣ ಮಂಡಿ ಕೀಲುಗಳಲ್ಲಿ 82. ಮಂಡಿ ಆಪರೇಷನ್ ಮಾಡಿಸಿಕೊಳ್ಳಬೇಕೋ ಬೇಡವೋ ಎಂದು ನಮ್ಮ ಮನೆಗಳಲ್ಲಿ ನಡೆಯುವ ಮಾತಿಗೆ ಇಷ್ಟು ಖಚಿತ ಉತ್ತರ ಸಿಗುವುದು ಬರೆದಿಟ್ಟವರ ದೆಸೆಯಿಂದ.

2010ರಲ್ಲಿ ಲೋಹದ ಮೇಲೆ ಲೋಹ ಉಜ್ಜುವ ಎಎಸ್‌ಆರ್ ಎಂಬ ಸೊಂಟದ ಕೀಲನ್ನು ಅದನ್ನು ತಯಾರಿಸಿದ ಕಂಪನಿ ಜಗತ್ತಿನಾದ್ಯಂತ ವಾಪಸ್ಸು ಪಡೆಯಿತು. ಬೇಗ ಕೆಡುವ ಕೀಲು ಅದು ಎಂಬುದು ಆಸ್ಟ್ರೇಲಿಯಾದಲ್ಲಿ ದಾಖಲೆ ಪುಸ್ತಕದಿಂದಲೇ ಮೊದಲು ಗೊತ್ತಾಗಿತ್ತು. ಭಾರತದಲ್ಲಿ ಆ ಕೀಲನ್ನು ಸುಮಾರು 4,700 ಶಸ್ತ್ರಚಿಕಿತ್ಸೆಗಳಲ್ಲಿ ಕೂರಿಸಲಾಗಿತ್ತು. ಕೇಂದ್ರ ಸರ್ಕಾರ ನೇಮಿಸಿದ ತಜ್ಞರ ಸಮಿತಿ ಆ ರೋಗಿಗಳಿಗಾಗಿ ವಿಚಾರಿಸಿದಾಗ, ಅವರಲ್ಲಿ ಬಹುಪಾಲು ಜನ ಎಲ್ಲಿದ್ದಾರೆಂಬುದೇ ಪತ್ತೆಯಾಗಲಿಲ್ಲ.