ಕುದುರೆಗಳ ಕರುಳಿನ ಜಂತುಗಳಲ್ಲಿ ಔಷಧ ಪ್ರತಿರೋಧ ಮತ್ತು ಅದರ ನಿಯಂತ್ರಣ

ಸಾಕುಪ್ರಾಣಿಗಳ ಜಂತುರೋಗಗಳ ಚರಿತ್ರೆಯಲ್ಲಿ ಕುದುರೆಯ ಉದಾಹರಣೆ ವಿಶಿಷ್ಟವಾದುದು. ಒಂದು ಹುಳುವನ್ನು ಹತ್ತಿಕ್ಕಿದ ಚಿಕಿತ್ಸಾಕ್ರಮವೇ ಮತ್ತೊಂದು ಹುಳುವನ್ನು ಔಷಧಕ್ಕೆ ಬಗ್ಗದಂತೆ ಬೆಳೆಸಿದ ನಿದರ್ಶನ ಇಲ್ಲಿ ದೊರೆಯುತ್ತದೆ. ಮೊದಲು ತನ್ನನ್ನು ಕೊಲ್ಲುತ್ತಿದ್ದ ಪ್ರಮಾಣದ ಔಷಧವನ್ನು ತಾಳಿಕೊಂಡು ಬದುಕುಳಿದು, ಆ ಗುಣವನ್ನು ಸಂತತಿಗೆ ದಾಟಿಸುವ ಹುಳುವಿನ ಸಾಮರ್ಥ್ಯವೇ ಔಷಧ ಪ್ರತಿರೋಧ. ಇದು ಕುದುರೆಯ ದೇಹದ ಗುಣವಲ್ಲ, ಹುಳುವಿನ ವಂಶವಾಹಿಗಳ ಗುಣ ಎಂಬುದನ್ನು ಮೊದಲಿಗೇ ಗಮನಿಸಬೇಕು.

ಹುಳುಗಳ ಸ್ವರೂಪ

ಪ್ರತಿರೋಧದ ದೃಷ್ಟಿಯಿಂದ ಮೂರು ಗುಂಪುಗಳು ಮುಖ್ಯವಾದವು. ಮೊದಲನೆಯದು ಸ್ಟ್ರಾಂಗೈಲಸ್ ವಲ್ಗ್ಯಾರಿಸ್ ಎಂಬ ದೊಡ್ಡ ಸ್ಟ್ರಾಂಗೈಲ್. ಇದರ ಮರಿಹುಳುಗಳು ಕರುಳಿಗೆ ರಕ್ತ ಒದಗಿಸುವ ಅಪಧಮನಿಯಲ್ಲಿ ಸಂಚರಿಸಿ, ರಕ್ತ ಹೆಪ್ಪುಗಟ್ಟಿಸಿ, ಮಾರಕ ಹೊಟ್ಟೆಶೂಲೆಯನ್ನು ಉಂಟುಮಾಡುತ್ತವೆ. ದೇಹ ಹೊಕ್ಕ ಮರಿಹುಳು ಬೆಳೆದು ಮೊಟ್ಟೆಯಿಡಲು ಆರು ತಿಂಗಳಿಗೂ ಹೆಚ್ಚು ಕಾಲ ಬೇಕು. ಎರಡನೆಯದು ಸಯಾಥೊಸ್ಟೊಮಿನ್‌ಗಳು, ಅಂದರೆ ಸಣ್ಣ ಸ್ಟ್ರಾಂಗೈಲ್‌ಗಳು. ಇವು ಕೆಲವೇ ವಾರಗಳಲ್ಲಿ ಪ್ರೌಢವಾಗಬಲ್ಲವು. ಆದರೆ ಅನೇಕ ಮರಿಹುಳುಗಳು ದೊಡ್ಡ ಕರುಳಿನ ಗೋಡೆಯಲ್ಲಿ ಕೋಶ ಕಟ್ಟಿಕೊಂಡು ತಿಂಗಳುಗಟ್ಟಲೆ ಸುಪ್ತವಾಗಿರುತ್ತವೆ. ಅವು ಒಮ್ಮೆಲೇ ಹೊರಬಂದಾಗ ತೀವ್ರ ಭೇದಿಯಾಗಿ ಕುದುರೆ ಸಾಯಬಹುದು. ಮೂರನೆಯದು ಮರಿಗಳನ್ನು ಕಾಡುವ ಪ್ಯಾರಾಸ್ಕ್ಯಾರಿಸ್ ಎಂಬ ದೊಡ್ಡ ದುಂಡುಹುಳು.

ಪ್ರತಿರೋಧ ಬೆಳೆದ ಬಗೆ

1961ರಲ್ಲಿ ಥಯಾಬೆಂಡಜೋಲ್ ಬಳಕೆಗೆ ಬಂದುದು ಜಂತುಚಿಕಿತ್ಸೆಗೆ ಹೊಸ ತಿರುವು ನೀಡಿತು. 1966ರಲ್ಲಿ ಅಮೆರಿಕದ ಕೆಂಟಕಿ ವಿಶ್ವವಿದ್ಯಾನಿಲಯದ ಡ್ರಜ್ ಮತ್ತು ಲಯನ್ಸ್ ಎಂಬ ವಿಜ್ಞಾನಿಗಳು ಎಲ್ಲ ಕುದುರೆಗಳಿಗೂ ಆರರಿಂದ ಎಂಟು ವಾರಗಳಿಗೊಮ್ಮೆ ಔಷಧ ಕೊಡುವ ಕ್ರಮವನ್ನು ಶಿಫಾರಸು ಮಾಡಿದರು. ಅಂದಿನ ಮುಖ್ಯ ಶತ್ರು ಸ್ಟ್ರಾಂಗೈಲಸ್ ವಲ್ಗ್ಯಾರಿಸ್. ನಿಧಾನವಾಗಿ ಬೆಳೆಯುವ ಆ ಹುಳುವಿಗೆ ಮೊಟ್ಟೆಯಿಡುವ ಅವಕಾಶವೇ ತಪ್ಪಿದ್ದರಿಂದ ಅದು ಬಹುಮಟ್ಟಿಗೆ ಅಡಗಿತು. ಆದ್ದರಿಂದ ಆ ಶಿಫಾರಸು ತನ್ನ ಕಾಲಕ್ಕೆ ಸರಿಯಾದುದೇ ಆಗಿತ್ತು.

ಆದರೆ ಬೇಗ ಬೆಳೆಯುವ ಸಣ್ಣ ಸ್ಟ್ರಾಂಗೈಲ್‌ಗಳಲ್ಲಿ ಇದರ ಪರಿಣಾಮ ಬೇರೆಯಾಯಿತು. ಪ್ರತಿ ಬಾರಿಯೂ ಔಷಧವನ್ನು ತಾಳಿಕೊಂಡ ಕೆಲವೇ ಹುಳುಗಳು ಉಳಿದು, ಮುಂದಿನ ವಾರಗಳಲ್ಲಿ ಹುಲ್ಲುಗಾವಲನ್ನು ಸೇರಿದ ಮೊಟ್ಟೆಗಳೆಲ್ಲ ಅವುಗಳದ್ದೇ ಆದವು. ಬೆಂಜಿಮಿಡಜೋಲ್ ವರ್ಗದ ಔಷಧಗಳಿಗೆ ಇವುಗಳ ಪ್ರತಿರೋಧ ಇಂದು ಜಗತ್ತಿನಾದ್ಯಂತ ಹರಡಿದೆ. ಪೈರಾಂಟೆಲ್‌ಗೆ ಪ್ರತಿರೋಧವೂ ಹಲವು ದೇಶಗಳಲ್ಲಿದೆ. 1980ರ ದಶಕದಲ್ಲಿ ಬಂದ ಐವರ್ಮೆಕ್ಟಿನ್ ದೀರ್ಘಕಾಲ ಆಸರೆಯಾಯಿತು. ಆದರೆ 2002ರಲ್ಲಿ ನೆದರ್ಲೆಂಡ್ಸ್‌ನಿಂದ ಪ್ಯಾರಾಸ್ಕ್ಯಾರಿಸ್ ಅದಕ್ಕೆ ಬಗ್ಗದ ವರದಿ ಬಂದಿತು. 2020ರಲ್ಲಿ ಐರ್ಲೆಂಡಿನಿಂದ ಅಮೆರಿಕಕ್ಕೆ ತಂದ ಥರೋಬ್ರೆಡ್ ಎಳೆಗುದುರೆಗಳ ಸಣ್ಣ ಸ್ಟ್ರಾಂಗೈಲ್‌ಗಳಲ್ಲಿಯೂ ಐವರ್ಮೆಕ್ಟಿನ್ ಪ್ರತಿರೋಧ ವರದಿಯಾಯಿತು. ಕುದುರೆಯೊಡನೆ ಪ್ರತಿರೋಧವೂ ಕಡಲು ದಾಟುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಐವರ್ಮೆಕ್ಟಿನ್ ನಂತರ ಕುದುರೆಯ ದುಂಡುಹುಳುಗಳಿಗೆ ಹೊಸ ವರ್ಗದ ಔಷಧ ಬಂದಿಲ್ಲ. ಮಾಕ್ಸಿಡೆಕ್ಟಿನ್ ಕೂಡ ಅದೇ ವರ್ಗಕ್ಕೆ ಸೇರಿದುದು.

ಆಶ್ರಯದ ತತ್ತ್ವ

ಔಷಧದ ಸಂಪರ್ಕಕ್ಕೆ ಬಾರದೆ ಉಳಿದ ಹುಳುಗಳನ್ನು ‘ಆಶ್ರಯದಲ್ಲಿರುವ’ ಹುಳುಗಳೆನ್ನಬಹುದು. ಹುಲ್ಲುಗಾವಲಿನ ಮರಿಹುಳುಗಳು ಹಾಗೂ ಔಷಧ ಪಡೆಯದ ಕುದುರೆಗಳಲ್ಲಿನ ಹುಳುಗಳು ಈ ಬಗೆಯವು. ಇವುಗಳಲ್ಲಿ ಔಷಧಕ್ಕೆ ಬಗ್ಗುವ ಗುಣ ಉಳಿದಿರುವುದರಿಂದ, ಪ್ರತಿರೋಧಿ ಹುಳುಗಳ ಸಂತತಿ ಇವುಗಳ ನಡುವೆ ವಿರಳವಾಗುತ್ತದೆ. ಎಲ್ಲ ಕುದುರೆಗಳಿಗೂ ಔಷಧ ಕೊಟ್ಟು ಕೂಡಲೇ ಸ್ವಚ್ಛ ಗಾವಲಿಗೆ ಬಿಡುವ ಹಳೆಯ ಪದ್ಧತಿ ಮೇಲ್ನೋಟಕ್ಕೆ ಶಿಸ್ತಿನದಾಗಿ ಕಂಡರೂ, ಆ ಗಾವಲಿಗೆ ಪ್ರತಿರೋಧಿ ಹುಳುಗಳನ್ನು ಮಾತ್ರ ಬಿತ್ತಿದಂತಾಗುತ್ತದೆ. ಔಷಧಗಳನ್ನು ಸರದಿಯಂತೆ ಬದಲಿಸುವುದರಿಂದಲೂ ಪ್ರತಿರೋಧ ತಪ್ಪುವುದಿಲ್ಲ. ಸೋತ ಔಷಧದ ಸೋಲನ್ನು ಗೆಲ್ಲುವ ಔಷಧ ಮರೆಮಾಡುತ್ತದೆ ಅಷ್ಟೆ.

ಪರೀಕ್ಷೆ ಮತ್ತು ಚಿಕಿತ್ಸೆ

ನಿಯಂತ್ರಣದ ಮೊದಲ ಹೆಜ್ಜೆ ಲದ್ದಿಯ ಪರೀಕ್ಷೆ. ಪ್ರೌಢ ಕುದುರೆಗಳ ಹಿಂಡಿನಲ್ಲಿ ಸುಮಾರು ಶೇ. 20ರಷ್ಟು ಕುದುರೆಗಳೇ ಒಟ್ಟು ಸ್ಟ್ರಾಂಗೈಲ್ ಮೊಟ್ಟೆಗಳ ಶೇ. 80ರಷ್ಟನ್ನು ಹೊರಹಾಕುತ್ತವೆ. ಮೊಟ್ಟೆಗಳನ್ನು ಎಣಿಸಿ ಅಂಥವನ್ನು ಗುರುತಿಸಿದರೆ, ಉಳಿದವುಗಳಿಗೆ ಪದೇ ಪದೇ ಔಷಧ ಕೊಡುವುದು ತಪ್ಪುತ್ತದೆ.

ಔಷಧದ ಪರಿಣಾಮವನ್ನೂ ಇದೇ ಎಣಿಕೆಯಿಂದ ಅಳೆಯಲಾಗುತ್ತದೆ. ಚಿಕಿತ್ಸೆಗೆ ಮುನ್ನ ಹಿಂಡಿನ ಸರಾಸರಿ ಗ್ರಾಂಗೆ 500 ಮೊಟ್ಟೆಗಳಿದ್ದು, 14 ದಿನಗಳ ನಂತರ 5ಕ್ಕಿಳಿದರೆ ಇಳಿಕೆ ಶೇ. 99, ಅದು 100ರಲ್ಲಿಯೇ ನಿಂತರೆ ಇಳಿಕೆ ಶೇ. 80 ಮಾತ್ರ, ಅಂದರೆ ಪ್ರತಿರೋಧದ ಬಲವಾದ ಶಂಕೆ. ಔಷಧದ ನಂತರ ಮೊಟ್ಟೆಗಳು ಮತ್ತೆ ಕಾಣಿಸಿಕೊಳ್ಳುವ ಅವಧಿ ಮೊದಲಿಗಿಂತ ಕುಗ್ಗುವುದು ಇನ್ನೂ ಮುಂಚಿನ ಸೂಚನೆ. ಆದರೆ ಮೊಟ್ಟೆಗಳ ಸಂಖ್ಯೆ ಹುಳುಗಳ ಸಂಖ್ಯೆಯ ಅಳತೆಯಲ್ಲ. ಕರುಳಿನ ಗೋಡೆಯ ಸುಪ್ತ ಮರಿಹುಳುಗಳು ಮೊಟ್ಟೆಯನ್ನೇ ಇಡುವುದಿಲ್ಲ.

ಮರಿಗಳಿಗೆ ಈ ಆಯ್ದ ಚಿಕಿತ್ಸೆ ಅನ್ವಯಿಸದು. ಅವುಗಳಿಗೆ ಎರಡು ಮೂರು ತಿಂಗಳ ವಯಸ್ಸಿನಿಂದ ನಿಯಮಿತ ಚಿಕಿತ್ಸೆ ಬೇಕು. ಕುದುರೆಯ ತೂಕವನ್ನು ಕಣ್ಣಂದಾಜಿನಿಂದಲ್ಲದೆ ಅಳತೆಪಟ್ಟಿಯಿಂದ ನಿರ್ಧರಿಸಬೇಕು. ಕಡಿಮೆ ಪ್ರಮಾಣದ ಔಷಧ ಅರೆ ಪ್ರತಿರೋಧಿ ಹುಳುಗಳನ್ನು ಉಳಿಸುತ್ತದೆ. ಹೊಸದಾಗಿ ಬಂದ ಕುದುರೆಯನ್ನು ಪ್ರತ್ಯೇಕವಾಗಿರಿಸಿ, ಚಿಕಿತ್ಸೆಯ ನಂತರ ಪರೀಕ್ಷಿಸಿಯೇ ಹಿಂಡಿಗೆ ಸೇರಿಸಬೇಕು. ವಾರಕ್ಕೆರಡು ಬಾರಿ ಗಾವಲಿನ ಲದ್ದಿ ಎತ್ತುವುದು, ಹಸಿ ಲದ್ದಿಯನ್ನು ಗಾವಲಿಗೆ ಹರಡದೆ ಕೊಳೆಸಿ ಗೊಬ್ಬರ ಮಾಡುವುದು, ದನ ಅಥವಾ ಕುರಿಗಳೊಡನೆ ಸರದಿಯಲ್ಲಿ ಮೇಯಿಸುವುದು ಔಷಧದ ಅಗತ್ಯವನ್ನೇ ಕುಗ್ಗಿಸುತ್ತವೆ.

ಡೆನ್ಮಾರ್ಕಿನ ಅನುಭವ

ಔಷಧವನ್ನು ಕಡಿಮೆ ಮಾಡುವುದೇ ಪೂರ್ಣ ಪರಿಹಾರವೇ ಎಂಬ ಪ್ರಶ್ನೆಗೆ ಡೆನ್ಮಾರ್ಕ್ ಉತ್ತರ ಒದಗಿಸಿದೆ. 1999ರಲ್ಲಿ ಅಲ್ಲಿ ಜಂತುನಾಶಕಗಳನ್ನು ಪಶುವೈದ್ಯರ ಚೀಟಿಯ ಮೇಲೆ ಮಾತ್ರ ಕೊಡಬೇಕೆಂಬ ನಿಯಮ ಬಂದಿತು. 2012ರಲ್ಲಿ ಪ್ರಕಟವಾದ ಅಧ್ಯಯನವೊಂದು, ಆಯ್ದ ಚಿಕಿತ್ಸೆ ಅನುಸರಿಸುವ ಲಾಯಗಳಲ್ಲಿ ಸ್ಟ್ರಾಂಗೈಲಸ್ ವಲ್ಗ್ಯಾರಿಸ್ ಹೆಚ್ಚಾಗಿ ಕಂಡುಬಂದುದನ್ನು ತೋರಿಸಿತು. ಸೂಕ್ಷ್ಮದರ್ಶಕದಲ್ಲಿ ದೊಡ್ಡ ಮತ್ತು ಸಣ್ಣ ಸ್ಟ್ರಾಂಗೈಲ್‌ಗಳ ಮೊಟ್ಟೆಗಳು ಒಂದೇ ತೆರನಾಗಿ ಕಾಣುವುದರಿಂದ ಕೇವಲ ಎಣಿಕೆ ಅದನ್ನು ಪತ್ತೆಹಚ್ಚಲಾರದು. ಆದಕಾರಣ ಎಲ್ಲ ಪ್ರೌಢ ಕುದುರೆಗಳಿಗೂ ವರ್ಷಕ್ಕೆ ಒಂದೆರಡು ಮೂಲ ಚಿಕಿತ್ಸೆಗಳನ್ನು ಉಳಿಸಿಕೊಂಡು, ಅದಕ್ಕಿಂತ ಹೆಚ್ಚಿನದನ್ನು ಪರೀಕ್ಷೆಯ ಆಧಾರದ ಮೇಲೆ ನಿರ್ಧರಿಸುವುದು ಇಂದಿನ ಮಾರ್ಗವಾಗಿದೆ.

ಒಮ್ಮೆ ನೆಲೆನಿಂತ ಪ್ರತಿರೋಧ ಔಷಧ ನಿಲ್ಲಿಸಿದ ಮಾತ್ರಕ್ಕೆ ಸುಲಭವಾಗಿ ಹಿಂದೆ ಸರಿಯುವುದಿಲ್ಲ. ಹೀಗಾಗಿ ಔಷಧದ ಪರಿಣಾಮಶಕ್ತಿಯನ್ನು ನೀರು, ಮಣ್ಣುಗಳಂತೆ ಮಿತವಾಗಿ ಬಳಸಬೇಕಾದ ಸಂಪತ್ತೆಂದು ಪರಿಗಣಿಸಬೇಕಾಗುತ್ತದೆ. ಹುಳುಗಳನ್ನು ನಿರ್ಮೂಲ ಮಾಡುವುದು ಇಲ್ಲಿನ ಗುರಿಯಲ್ಲ. ಕುದುರೆಗೆ ರೋಗ ಬಾರದಷ್ಟು ಅವುಗಳನ್ನು ಹದ್ದಿನಲ್ಲಿಟ್ಟು, ಅಪಾಯ ಒದಗಿದ ದಿನ ಔಷಧ ಕೆಲಸ ಮಾಡುವಂತೆ ಕಾಯ್ದುಕೊಳ್ಳುವುದೇ ಗುರಿ.